ಕೌದಿಯ ಕೆಳಗಿನ ಕೆಂಪು

ನೀರಿನೊಳಗಿನ ಹಗಲಿಗೆ ಯಾವ ಬಣ್ಣ ಇರಬೇಕು ಎಂದು ಮನುಷ್ಯನೇ ಗೊತ್ತುಮಾಡುವ ಕಾಲವೂ ಒಂದು ಬಂತು. ಬಂದದ್ದೇನೂ ಡಂಗುರ ಸಾರಿಕೊಂಡು ಬರಲಿಲ್ಲ. ಹುಲಿಗುಡಿ ಜಲಾಶಯದ ಏರಿಯ ಮೇಲೆ ಎರಡು ಕೋಣೆಯ ಕಟ್ಟಡವೊಂದು ಎದ್ದಿತು. ಅದರೊಳಗೆ ಒಂದು ಮೇಜು, ಮೇಜಿನ ಮೇಲೆ ಒಂದು ಪರದೆ, ಪರದೆಯ ಮೇಲೆ ಬಣ್ಣದ ಒಂದು ಪಟ್ಟಿ. ಪಟ್ಟಿಯ ಮೇಲೆ ಬೆರಳು ಎಳೆದರೆ ಹೊರಗೆ ಮೈಲುಗಟ್ಟಲೆ ಹರಡಿದ ನೀರಿನ ಹಗಲು ಬದಲಾಗುತ್ತಿತ್ತು. ಆ ಮೇಜಿನ ಮುಂದೆ ಕೂರುವವಳು ಕಸ್ತೂರಿ. ನಾಲ್ಕು ವರ್ಷದಿಂದ ಕೂತಿದ್ದಾಳೆ, ನಾಲ್ಕು ವರ್ಷದಲ್ಲಿ ಆ ಪಟ್ಟಿಯನ್ನು ಒಮ್ಮೆಯೂ ಮುಟ್ಟಿಲ್ಲ. ಅದು ನೀಲಿಯಲ್ಲಿ ನಿಂತಿತ್ತು, ನೀಲಿಯಲ್ಲೇ ನಿಂತಿರಬೇಕಿತ್ತು. ಅದು ಅಲುಗದ ಹಾಗೆ ನೋಡಿಕೊಳ್ಳುವುದೇ ಅವಳ ಕೆಲಸ.

ನೀರಿನ ಮೇಲೆ ಹಾಸಿದ್ದಕ್ಕೆ ಇಲಾಖೆ ಇಟ್ಟ ಹೆಸರು ನಾಲಿಗೆಗೆ ಹತ್ತುವಂಥದ್ದಲ್ಲ, ಬಿಡಿ. ಜನ ಅದನ್ನು ಕೌದಿ ಎಂದರು. ಮಂಚದಗಲದ ತೆಳು ಹಾಳೆಗಳನ್ನು ಒಂದಕ್ಕೊಂದು ಹೊಲಿದ ಹಾಗೆ ಜೋಡಿಸಿ ದಡದಿಂದ ದಡಕ್ಕೆ ತೇಲಿಬಿಟ್ಟರೆ ಅದು ಮತ್ತೇನಾಗಿ ಕಾಣಬೇಕು? ಬಿಸಿಲಿನಲ್ಲಿ ಏಳು ಬಣ್ಣ ಇರುವುದು ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಕೌದಿ ಅದರಲ್ಲಿ ಒಂದನ್ನು ಕೆಳಗೆ ಬಿಟ್ಟು ಉಳಿದದ್ದನ್ನು ತಾನು ತಿಂದು ಕರೆಂಟು ಮಾಡುತ್ತಿತ್ತು. ಯಾವುದನ್ನು ಬಿಡಬೇಕು ಎಂಬುದು ಹಾಳೆಗೆ ಕೊಡುವ ವಿದ್ಯುತ್ತಿನ ಒತ್ತಡಕ್ಕೆ ಸೇರಿದ್ದು; ಅದು ಪರದೆಯ ಮೇಲಿನ ಪಟ್ಟಿಯ ಹಿಡಿತದಲ್ಲಿತ್ತು. ಪಟ್ಟಣಕ್ಕೆ ದೀಪ ಹತ್ತಿತು, ಬೇಸಿಗೆಯಲ್ಲಿ ಆವಿಯಾಗಿ ಹೋಗುತ್ತಿದ್ದ ನೀರೂ ಉಳಿಯಿತು.

ಆದರೆ ಕೌದಿ ಹಾಸಿದ್ದು ಕರೆಂಟಿಗಲ್ಲ, ಪಾಚಿಗೆ. ಬಚ್ಚಲಲ್ಲಿ ಕಾಲು ಜಾರಿಸುವ ಬಡಪಾಯಿ ಪಾಚಿಯಲ್ಲ, ವಿಷ ಉಗುಳುವ ಪಾಚಿ. ಅದರ ಮೈಯಲ್ಲಿ ಬೇರೆ ಪಾಚಿಗಳಲ್ಲಿ ಇಲ್ಲದ ಒಂದು ಬಣ್ಣದ ದ್ರವ್ಯವಿದೆ. ಬಿಸಿಲಿನ ಕಿತ್ತಳೆ, ಕೆಂಪು ಭಾಗವನ್ನು ಅದು ಗಬಗಬನೆ ತಿನ್ನುತ್ತದೆ. ಆ ಊಟ ತಪ್ಪಿಸಿ ಬರೀ ನೀಲಿ ಕೊಟ್ಟರೆ ಸೊರಗಿ ತಳ ಸೇರುತ್ತದೆ, ಅದರ ಜಾಗದಲ್ಲಿ ಗಾಜಿನಂಥ ಚಿಪ್ಪು ಹೊತ್ತ ನಿರುಪದ್ರವಿ ಸೂಕ್ಷ್ಮಪಾಚಿಗಳು ಬೆಳೆಯುತ್ತವೆ. ಹುಲಿಗುಡಿಯ ನೀರು ತಿಳಿಯಾಯಿತು. ತಳದ ಕಲ್ಲು ಎಣಿಸಬಹುದಾಗಿತ್ತು. ನಲ್ಲಿಯ ನೀರಿನ ನಾತ ಹೋಯಿತು. ಜನ ಒಗ್ಗಿಕೊಂಡರು, ಜನ ಯಾವುದಕ್ಕೆ ಒಗ್ಗುವುದಿಲ್ಲ ಹೇಳಿ. ದಡದ ಅಂಬಿಗರ ಓಣಿಯಲ್ಲಿ ಹೊಸದಾಗಿ ಬೆಳೆದ ಮಕ್ಕಳು ಚಿತ್ರ ಬಿಡಿಸಿದರೆ ಮೀನಿನ ಕೆಂಪು ರೆಕ್ಕೆಗೆ ಕಪ್ಪು ಬಳಿಯುತ್ತಿದ್ದರು. ನೀಲಿ ಬೆಳಕಿನಲ್ಲಿ ಅವು ಹಾಗೇ ಕಾಣುತ್ತಿದ್ದವು, ಮಕ್ಕಳದ್ದೇನು ತಪ್ಪು.

ಕಸ್ತೂರಿಯೂ ಒಗ್ಗಿದ್ದಳು. ಬೆಳಿಗ್ಗೆ ಬರುವುದು, ಪರದೆ ನೋಡುವುದು, ನೀರು ತಂದು ಸೂಕ್ಷ್ಮದರ್ಶಕದ ಕೆಳಗೆ ಇಡುವುದು, ಸಂಜೆ ಮನೆಗೆ ಹೋಗುವುದು. ಯಾರಾದರೂ ಹೇಗಿದ್ದೀಯವಾ ಎಂದರೆ ಅರಾಮ ಎನ್ನುವಳು. ಸುಳ್ಳೇನಲ್ಲ. ಎಲ್ಲೂ ನೋಯುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ಕೆನ್ನೆ ಇದ್ದೂ ಇಲ್ಲದಂತಾಗುತ್ತದಲ್ಲ, ಆ ಸೂಜಿಯ ಜೋಮು ಅವಳಿಗೆ ಇನ್ನೂ ಇಳಿದಿರಲಿಲ್ಲ.

ಮನೆ ಅದೇ ಅಂಬಿಗರ ಓಣಿಯಲ್ಲಿ. ಮನೆಯಲ್ಲಿ ಗಂಡ ಯಮನೂರ, ಅತ್ತೆ ಮಾಳವ್ವ. ಮಗಳು ಚಂಪಾ ಇದ್ದಳು, ಈಗಿಲ್ಲ.

ಅದನ್ನು ಹೇಳದೆ ಮುಂದೆ ಹೋಗಲು ಬರುವುದಿಲ್ಲ. ಮುಂಗಾರಿಗೆ ಮೇಲಿನ ಸೀಮೆಯ ಹೊಲಗಳ ಮಣ್ಣು ತೊಳೆದುಕೊಂಡು ಹೊಳೆ ಕೆಂಪಗೆ ಬರುತ್ತದೆ. ಅಂಬಿಗರು ಅದನ್ನು ಹೊಸ ನೀರು ಎನ್ನುತ್ತಾರೆ. ಹೊಸ ನೀರು ಕಂಡ ದಿನ ಬಲೆಗಳೆಲ್ಲ ಮೇಲೆ ಬಂದು ಮನೆಮುಂದಿನ ಸೂರಿಗೆ ನೇತುಬೀಳುತ್ತವೆ. ನೀರು ತಿಳಿಯಾಗುವವರೆಗೆ ಯಾರೂ ಹರಿಗೋಲು ಇಳಿಸುವುದಿಲ್ಲ. ಮೀನು ತತ್ತಿ ಇಡುವ ಹೊತ್ತು ಅದು. ಅದೇ ದಿನ ಮನೆಯ ಹಿರಿಯಳು ಆ ಕೆಂಪು ನೀರನ್ನು ಬೊಗಸೆಯಲ್ಲಿ ತುಂಬಿ ಮನೆಯ ಮಕ್ಕಳಿಗೆ ಕುಡಿಸುತ್ತಾಳೆ. ಕೈನೀರು ಎಂದು ಅದಕ್ಕೆ ಹೆಸರು. ಕೈನೀರು ಕುಡಿದ ಮಗುವನ್ನು ಹೊಳೆ ಎಳೆದುಕೊಳ್ಳುವುದಿಲ್ಲ ಎಂದು ನಂಬಿಕೆ.

ಕೌದಿ ಹಾಸುವುದಕ್ಕೆ ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಹೊಳೆ ಬರಲೇ ಇಲ್ಲ. ಜನ ಕಾದು ಕಾದು ಸುಸ್ತಾಗಿದ್ದಾಗ ಒಂದು ಬೆಳಿಗ್ಗೆ ಓಣಿಯ ಮುಂದಿನ ನೀರು ತಾನಾಗಿಯೇ ಕೆಂಪಾಗಿತ್ತು. ಈ ಸಲ ಗಂಗವ್ವ ಸದ್ದಿಲ್ಲದೆ ಬಂದಳು ಎಂದರು. ಬೇರೆ ಯಾವ ಓಣಿಯವರಾದರೂ ನೀರು ಕೆಟ್ಟಿದೆ ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದರೇನೋ. ಇವರಿಗೆ ಕೆಂಪು ಎಂದರೆ ಹಬ್ಬ. ಅದು ಮಣ್ಣಲ್ಲ. ವಿಷಪಾಚಿಯಲ್ಲೇ ಕೆಂಪು ಮೈಯದು ಒಂದು ಜಾತಿ ಇದೆ, ಅದು ತಳದಿಂದ ಎದ್ದು ಬಂದಿತ್ತು. ಕಸ್ತೂರಿ ಆಗ ಪಟ್ಟಣದ ನೀರು ಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಅದೇ ನೀರಿನ ಬಾಟಲಿ ಅವಳ ಮುಂದೆ ಬಂದು ಕೂತಿತ್ತು. ತಪ್ಪು ಹೇಳಬಾರದೆಂದು ಎರಡನೆಯ ಸಲ ನೋಡಿದಳು, ಮೂರನೆಯ ಸಲ ನೋಡಿದಳು. ಆಮೇಲೆ ಮನೆಗೆ ಫೋನು ಮಾಡಿದಳು. ಅಷ್ಟು ಹೊತ್ತಿಗೆ ಮಾಳವ್ವ ಮೊಮ್ಮಗಳಿಗೆ ಕೈನೀರು ಕುಡಿಸಿಯಾಗಿತ್ತು.

ಓಣಿಯ ಮೂರು ಮಕ್ಕಳು ಮಲಗಿದವು, ಎರಡು ಎದ್ದವು. ಬೊಗಸೆ ನೀರೊಂದರಿಂದಲೇ ಆದದ್ದಲ್ಲ, ಆ ನೀರಲ್ಲೇ ಆಡಿದ್ದಾರೆ, ಅದರಲ್ಲೇ ಅಡುಗೆಯಾಗಿದೆ, ವಾರದಿಂದ ಮೈಗೆ ಸೇರುತ್ತಾ ಬಂದಿದೆ ಎಂದು ಡಾಕ್ಟರರು ಬಿಡಿಸಿ ಹೇಳಿದರು. ಮನೆಯಲ್ಲಿ ಯಾರ ಕಿವಿಗೂ ಅದು ಬೀಳಲಿಲ್ಲ. ಬೊಗಸೆ ಮಾತ್ರ ಉಳಿಯಿತು.

ಅಂದಿನಿಂದ ಮಾಳವ್ವ ನೀರಿನ ಕಡೆ ಹೋಗಿಲ್ಲ. ಅತ್ತೆ ಸೊಸೆ ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಆಡಲಿಲ್ಲ. "ಅತ್ತಿ, ಊಟಕ್ಕ ಬರ‍್ರಿ" ಎಂದು ಇವಳು ಕರೆಯುವಳು, "ಬಂದೆ" ಎಂದು ಅವಳು ಬರುವಳು. ಉಪ್ಪಿನ ಮಾತು, ಹಾಲಿನವನ ಮಾತು. ಕೌದಿ ಬಂದಾಗ ಕಸ್ತೂರಿ ತಾನೇ ಕೇಳಿ ಈ ಕೆಲಸ ತೆಗೆದುಕೊಂಡಳು. ಇಲಾಖೆಯವರು ಅನುಕಂಪದಿಂದ ಕೊಟ್ಟರು.

ನಾಲ್ಕನೆಯ ವರ್ಷದ ಹೊತ್ತಿಗೆ, ಕೌದಿಯ ಅಂಚು ಎತ್ತಿ ಬಿಡುತ್ತಿದ್ದ ಬಲೆಗೆ ಬರೀ ದೊಡ್ಡ ಮೀನು ಬೀಳತೊಡಗಿದವು. ಮೊದಮೊದಲು ಓಣಿಯವರು ಹಿಗ್ಗಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಏಕೆಂದರೆ ಸಣ್ಣದು ಒಂದೂ ಇರಲಿಲ್ಲ. ಇಲಾಖೆ ಸಾಕಾಣಿಕೆಯ ಮರಿ ತಂದು ಬಿಟ್ಟಿತು. ಅವು ಬಡಕಲಾಗಿ, ತಲೆ ದೊಡ್ಡದಾಗಿ, ಒಂದು ಬೇಸಿಗೆಯೂ ಕಾಣದೆ ಹೋದವು. ಜಲಾಶಯದಲ್ಲೇ ಹುಟ್ಟಿ ಬೆಳೆದ ಗೆಂಡೆ ಮೀನುಗಳಷ್ಟೇ ಉಳಿದಿದ್ದವು, ಅವಕ್ಕೂ ವಯಸ್ಸಾಗುತ್ತಿತ್ತು. ಕಸ್ತೂರಿ ಒಂದನ್ನು ಏರಿಯ ಕಟ್ಟಡದ ಎರಡನೆಯ ಕೋಣೆಯ ಲ್ಯಾಬಿಗೆ ತಂದು ಕೊಯ್ದಳು. ದೀಪಾವಳಿ ಕಳೆದಿತ್ತು, ಹೊಟ್ಟೆಯ ತುಂಬ ತತ್ತಿ. ಮುಂಗಾರಿನಲ್ಲಿ ಇಡಬೇಕಾದದ್ದು ಒಳಗೇ ಗಟ್ಟಿಯಾಗಿ ಹಳಸಿದ ಅನ್ನದಂತೆ ಹೆಪ್ಪುಗಟ್ಟಿತ್ತು.

ಹೊಳೆ ಆ ವರ್ಷ ಚೆನ್ನಾಗಿಯೇ ಬಂದಿತ್ತು. ಆದರೆ ಈಗ ಜಲಾಶಯದ ಬಾಯಿಯಲ್ಲಿ ಮಣ್ಣು ತಡೆಯುವ ಜಾಲರಿಗಳಿದ್ದವು. ಹೊಸ ನೀರು ಒಳಗೆ ಬರುವ ಹೊತ್ತಿಗೆ ಕೆಂಪು ಕಳೆದುಕೊಂಡು ತೆಳ್ಳಗಾಗಿರುತ್ತಿತ್ತು. ಮೇಲೆ ನೀಲಿ ಕೌದಿ. ಚಿಕ್ಕವಳಿದ್ದಾಗ ಕಸ್ತೂರಿ ಹೊಸ ನೀರಿನಲ್ಲಿ ಮುಳುಗಿ ಕಣ್ಣು ಬಿಟ್ಟಿದ್ದಳು. ತಿಳಿನೀರಿನಲ್ಲಿ ಆಳಕ್ಕೆ ಹೋದಷ್ಟೂ ನೀಲಿ ಉಳಿಯುತ್ತದೆ. ಮಣ್ಣು ನೀರಿನಲ್ಲಿ ಹಾಗಲ್ಲ, ಮಣ್ಣು ನೀಲಿಯನ್ನು ನುಂಗಿ ಕೆಂಪನ್ನು ಬಿಡುತ್ತದೆ. ಮೀನಿಗೆ ಮಳೆಯ ಸುದ್ದಿ ತಲುಪುವುದು ಕಣ್ಣಿನಿಂದ ಇರಬಹುದೇ?

ಎರಡು ತೊಟ್ಟಿ ಕಟ್ಟಿಸಿದಳು. ಅದೇ ನೀರು, ಅದೇ ಹರಿವು, ಅದೇ ಮೇವು. ಒಂದಕ್ಕೆ ನೀಲಿ ಬೆಳಕು, ಇನ್ನೊಂದಕ್ಕೆ ಕೆಂಪು. ಮೊದಲು ಬದಲಾದದ್ದು ನೀರುಚಿಗಟಗಳು, ಮೀನುಮರಿಗಳ ಮೊದಲ ತುತ್ತು. ಸಾಸಿವೆಗಿಂತ ಸಣ್ಣ ಆ ಹುಳಗಳು ನೀಲಿಯಲ್ಲಿ ಅಡ್ಡಡ್ಡ ಓಡುತ್ತಿದ್ದವು, ಬೆದರಿದವರ ಹಾಗೆ, ಮೇಯುವುದನ್ನೂ ಬಿಟ್ಟು. ಕೆಂಪು ಬಿದ್ದೊಡನೆ ನೆಟ್ಟಗೆ ನಿಂತು ಮೇಲೆ ಕೆಳಗೆ ಕುಣಿಯತೊಡಗಿದವು. ವಾರದೊಳಗೆ ಕೆಂಪು ತೊಟ್ಟಿಯ ಗಂಡುಮೀನುಗಳು ಹೆಣ್ಣಿನ ಬೆನ್ನು ಬಿದ್ದವು. ಒಂದು ಬೆಳಿಗ್ಗೆ ತೊಟ್ಟಿಯ ತಳದಲ್ಲಿ ಸಾಬೂದಾನಿ ಚೆಲ್ಲಿದಂತೆ ತತ್ತಿ.

ಅದೇ ಬೆಳಿಗ್ಗೆ ತೊಟ್ಟಿಯ ಗಾಜಿನ ಮೇಲೆ ಬೆರಳು ಎಳೆದು ನೋಡಿದಳು. ಜಿಡ್ಡು. ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಗುರುತು ಹಿಡಿಯಲು ಅವಳಿಗೆ ಎರಡನೆಯ ಸಲ ನೋಡಬೇಕಾಗಿ ಬರಲಿಲ್ಲ. ಮೀನಿಗೆ ಬೇಕಾದ ಕೆಂಪೇ ಪಾಚಿಗೂ ಬೇಕು. ಎರಡನ್ನೂ ಬರೆದು ಮೇಲಧಿಕಾರಿಗೆ ಕೊಟ್ಟಳು. 

ಮೇಲಧಿಕಾರಿ ವಾದಿರಾಜ್ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅವಳನ್ನು ಕೂರಿಸಿ, ಚಹಾ ತರಿಸಿ, ಚಹಾ ಆರುವವರೆಗೂ ಮಾತು ಹುಡುಕಿದ.

"ಕಸ್ತೂರಿಯವರ, ಇಲಾಖಿ ಕಮಿಟಿ ಇದನ್ನ ನಿಮಗ ಬಿಟ್ಟೈತಿ," ಎಂದ.

"ನನಗ ಯಾಕ್ ಸರ್? ನಾ ಬರೇ ಪರದೆ ನೋಡಾಕಿ."

"ನೋಡ್ರಿ, ಮುಂಗಾರಿಗೆ ಒಂದು ವಾರ ಕೆಂಪು ಕೊಡೂದು. ಪಟ್ಟಣಕ್ಕ ಅಷ್ಟು ದಿನ ಕಾಲುವಿ ನೀರು ಬಿಡೂದು, ಓಣಿಗೆ ಟ್ಯಾಂಕರ್. ಪಾಚಿ ಏರಿದ್ರ ಮತ್ತ ನೀಲಿ. ಆಗಬಹುದು. ಆದ್ರ ಕೈ ಮೀರಿದ್ರ? ಪಾಚಿ ಒಮ್ಮೆ ಬೇರು ಬಿಟ್ಟರ ನೀಲಿಗೂ ತಿಂಗಳುಗಟ್ಟಲೆ ಜಗ್ಗೂದಿಲ್ಲ." ಕನ್ನಡಕ ತೆಗೆದು ಒರೆಸಿದ. "ನೀವು ಬ್ಯಾಡ ಅಂದ್ರ ಓಣಿಯವ್ರು ತುಟಿ ಪಿಟಕ್ ಅನ್ನೂದಿಲ್ಲ. ನೀವು ಹೂಂ ಅಂದ್ರ ಪಟ್ಟಣದವ್ರು ಸುಮ್ಮನಿರ್ತಾರ. ಮಗಳನ್ನ ಕಳಕೊಂಡಾಕಿನ ಹೂಂ ಅಂದಾಳ ಅಂದ್ರ ಯಾರ ಬಾಯಿ ಏಳ್ತೈತಿ?"

ಅವಳಿಗೆ ಅರ್ಥವಾಯಿತು. ಸತ್ತ ಮಗುವನ್ನು ಎಲ್ಲರೂ ಕೊಡೆಯ ಹಾಗೆ ಹಿಡಿದುಕೊಳ್ಳಬೇಕೆಂದಿದ್ದಾರೆ. ಇದಕ್ಕೆ ಸಿಟ್ಟು ಬರಬೇಕು ಎಂದುಕೊಂಡಳು. ಸಿಟ್ಟು ಬರುತ್ತದೇನೋ ಎಂದು ಒಂದು ಕ್ಷಣ ಕಾದಳು. ಬರಲಿಲ್ಲ. ಆರಿದ ಚಹಾ ಕುಡಿದು ಎದ್ದಳು.

ಮನೆಗೆ ಸುದ್ದಿ ಅವಳಿಗಿಂತ ಮೊದಲೇ ಹೋಗಿತ್ತು. ಮೀನುಗಾರರ ಸಂಘದ ಹಿರಿಯ ಬೆಟ್ಟಪ್ಪ ಕಟ್ಟೆಯ ಮೇಲೆ ಕೂತಿದ್ದ, ಪಕ್ಕದಲ್ಲಿ ಯಮನೂರ. ಮಾಳವ್ವ ಒಳಗೆ ಮೊರ ಹಿಡಿದು ಕೂತಿದ್ದಳು.

"ನಿನಗ ಕೇಳಾಕ ನಾಲಿಗಿ ಬರವಲ್ದವಾ," ಎಂದ ಬೆಟ್ಟಪ್ಪ, ನೆಲ ನೋಡುತ್ತಾ. "ಆದರೂ ಕೇಳಬೇಕು. ನೀರಾಗ ಉಳದಿದ್ದೆಲ್ಲ ಮುದಿ ಮೀನು. ಈ ಸಲ ತತ್ತಿ ಇಡ್ಲಿಲ್ಲಂದ್ರ ಇನ್ನ ಇಡೂದಿಲ್ಲ. ಮೀನಿಲ್ಲದ ನೀರಿನ ದಂಡಿಗೆ ಅಂಬಿಗರು ಕುಂತು ಏನ್ ಮಾಡೂದು? ಓಣಿ ಖಾಲಿ ಮಾಡ್ರಿ ಅಂತ ಆಗ್ಲೇ ಗುಸುಗುಸು ನಡದೈತಿ."

"ಪಾಚಿ ಬಂದ್ರ, ಮಾವ?"

ಬೆಟ್ಟಪ್ಪ ಕಾಲ ಹೆಬ್ಬೆರಳಿನಿಂದ ನೆಲ ಕೆರೆದ. ಅವನ ಮೊಮ್ಮಗನೂ ಅಂದು ಮಲಗಿ ಎದ್ದವನೇ.

ಒಳಗಿನಿಂದ ಮಾಳವ್ವನ ದನಿ ಬಂತು. "ಕೆಂಪು ಬ್ಯಾಡ."

ಅಷ್ಟೇ. ಮೊರದ ಸದ್ದು ನಿಂತು ಮತ್ತೆ ಶುರುವಾಯಿತು. ಬೆಟ್ಟಪ್ಪ ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಹೊರಟುಹೋದ. ಕಸ್ತೂರಿ ಗಂಡನ ಮುಖ ನೋಡಿದಳು. ಯಮನೂರ ಹರಿಗೋಲಿಗೆ ಹುಟ್ಟು ಹಾಕುವುದರಲ್ಲಿ ಓಣಿಗೇ ಮುಂದು. ಈಗ ಪಟ್ಟಣದ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ.

"ನೀವೇನಂತೀರಿ?"

"ನೀ ಹೂಂ ಅಂದ್ರೂ ನಾ ಏನೂ ಅನ್ನೂದಿಲ್ಲ. ಬ್ಯಾಡ ಅಂದ್ರೂ ಏನೂ ಅನ್ನೂದಿಲ್ಲ."

ಒಳ್ಳೆಯತನದಿಂದಲೇ ಹೇಳಿದ, ಪಾಪ. ಒಂದು ಮಾತು ಎತ್ತಿ ಆಡಿದ್ದರೆ, ಎದ್ದು ಒಂದು ಚೊಂಬು ಒಗೆದಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವಳು ರೊಟ್ಟಿ ಬಡಿಯಲು ಎದ್ದಳು.

ಉತ್ತರ ಕೊಡಲು ವಾದಿರಾಜ್ ಮುಂಗಾರಿನವರೆಗೆ ಸಮಯ ಕೊಟ್ಟಿದ್ದ. ಕಸ್ತೂರಿ ದಿನ ದೂಡಿದಳು. ತಲೆ ಕೆಡಿಸಿಕೊಂಡಿದ್ದಳು ಎಂದು ಹೇಳಿದರೆ ಸುಳ್ಳಾದೀತು. ತಕ್ಕಡಿಯ ಎರಡು ತಟ್ಟೆಯಲ್ಲೂ ಭಾರ ಕಾಣುತ್ತಿತ್ತು, ಕೈಗೆ ಮಾತ್ರ ಯಾವ ಭಾರವೂ ತಿಳಿಯುತ್ತಿರಲಿಲ್ಲ.

ಮೊದಲ ಮಳೆ ಬಿದ್ದ ದಿನ ನೀಲಿ ತೊಟ್ಟಿಯ ಹೆಣ್ಣುಮೀನು ಸತ್ತು ತೇಲಿತ್ತು. ಮುದಿ ಗೆಂಡೆ, ಮೊಣಕೈ ಉದ್ದದ್ದು. ಹೊಟ್ಟೆ ಊದಿಕೊಂಡಿತ್ತು. ಕೊಯ್ಯುವ ಮೊದಲೇ ಒಳಗೇನಿದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಕೊಯ್ದಳು. ಕಿಟಕಿಯ ಹೊರಗೆ ಮಳೆ ಸುರಿಯುತ್ತಿತ್ತು, ತಗಡಿನ ಮೇಲೆ ಸದ್ದೋ ಸದ್ದು. ಈ ಮೀನಿನ ಮೇಲೂ ನಾಲ್ಕು ಮುಂಗಾರು ಸುರಿದು ಹೋಗಿದೆ, ಅದಕ್ಕೆ ಯಾರೂ ಹೇಳಿಲ್ಲ ಎಂದು ಅವಳಿಗೆ ಅನ್ನಿಸಿತು. ಅದು ಕಾದಿದೆ. ಕಾದದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಸತ್ತಿದೆ. ಇದೊಂದು ದೊಡ್ಡ ವಿಚಾರವೇನಲ್ಲ. ಆದರೆ ಅವಳು ಕೈ ತೊಳೆದು, ಮಳೆಯಲ್ಲಿ ನೆನೆಯುತ್ತಲೇ ವಾದಿರಾಜನ ಕೋಣೆಗೆ ಹೋದಳು.

"ಕೆಂಪು ಕೊಡೋಣ ಸರ್."

"ವಿಚಾರ ಮಾಡೀರಿ ಹೌದಲ್ರೀ?"

"ಮಾಡೀನಿ. ಆದ್ರ ಮಗಳನ್ನ ಕಳಕೊಂಡಾಕಿ ಒಪ್ಪಿಗಿ ಕೊಟ್ಟಳು ಅಂತ ಎಲ್ಲೂ ಹೇಳಬ್ಯಾಡ್ರಿ. ಲ್ಯಾಬಿನ ಕಸ್ತೂರಿ ಹೇಳಿದಳು ಅನ್ರಿ. ತಪ್ಪಾದ್ರ ಆಕಿನ್ನ ಬೈರಿ."

ವಾದಿರಾಜ್ ತಲೆಯಾಡಿಸಿದ.

ಮನೆಯಲ್ಲಿ ಹೇಳಿದಾಗ ಮಾಳವ್ವ ಎದ್ದು ಒಳಗೆ ಹೋದಳು. ಆ ರಾತ್ರಿ ಊಟಕ್ಕೆ ಕರೆದರೆ ಬಂದೆ ಎಂದಳು, ಬರಲಿಲ್ಲ.

ಪಟ್ಟಣದ ಕೊಳವೆ ಮುಚ್ಚಿತು. ಓಣಿಗೆ ಟ್ಯಾಂಕರು ಬಂದು ನಿಂತಿತು. ನೀರು ಮುಟ್ಟಬಾರದು, ದನ ಇಳಿಸಬಾರದು ಎಂದು ಆಟೋದಲ್ಲಿ ಕೂಗಿಸಿದರು. ಕಸ್ತೂರಿ ಪರದೆಯ ಮುಂದೆ ಕೂತು ಪಟ್ಟಿಯ ಮೇಲೆ ಬೆರಳಿಟ್ಟು ಎಳೆದಳು. ಕಿಟಕಿಯಾಚೆ ಕೌದಿ ಒಂದೊಂದೇ ಸಾಲಾಗಿ ಬಣ್ಣ ಬದಲಿಸುತ್ತಾ ಹೋಯಿತು. ನೀಲಿ ಸವೆದು ನೇರಳೆಯಾಗಿ, ಕೊನೆಗೆ ನೀರೆಲ್ಲ ಹೊಸ ಹೆಂಚಿನ ಬಣ್ಣಕ್ಕೆ ತಿರುಗಿತು. ಓಣಿಯಲ್ಲಿ ಗದ್ದಲವಿರಲಿಲ್ಲ. ಬೆಟ್ಟಪ್ಪ ತನ್ನ ಬಲೆ ತಂದು ಸೂರಿಗೆ ನೇತುಹಾಕಿದ. ಅದನ್ನು ಕಂಡು ಪಕ್ಕದ ಮನೆಯವನು ಹಾಕಿದ. ಸಂಜೆಯೊಳಗೆ ಓಣಿಯ ಎಲ್ಲ ಸೂರುಗಳಲ್ಲೂ ಬಲೆ ತೂಗುತ್ತಿದ್ದವು. ಕೈನೀರಿನ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಮೊದಲ ದಿನ ಏನೂ ಆಗಲಿಲ್ಲ. ಮರುದಿನವೂ ಇಲ್ಲ. ಪರದೆಯ ಮೂಲೆಯಲ್ಲಿ ಪಾಚಿಯ ಗೆರೆ ಒಂದಿತ್ತು. ನೀರಿನೊಳಗಿನ ಸಲಕರಣೆಗಳು ಪಾಚಿಯ ಬಣ್ಣದ್ರವ್ಯವನ್ನು ಅಳೆದು ಅದನ್ನು ಎಳೆಯುತ್ತಿದ್ದವು. ಮಲಗಿದ್ದ ಗೆರೆ ತಲೆ ಎತ್ತಿತು. ಅದು ಮೇಲಿನ ಅಡ್ಡಗೆರೆಯನ್ನು ಮುಟ್ಟುವ ಮೊದಲು ನೀಲಿ ಹಾಕಬೇಕು. ದಿನ ಕಳೆದ ಹಾಗೆ ಗೆರೆ ಹತ್ತಿತು, ಮೀನು ಮಾತ್ರ ಕದಲಲಿಲ್ಲ. ವಾದಿರಾಜ್ ಗಂಟೆಗೊಮ್ಮೆ ಫೋನು ಮಾಡುತ್ತಿದ್ದ. ನೀಲಿ ಹಾಕಿಬಿಡೋಣವೇನ್ರಿ ಎಂದು ಬಾಯಿ ಬಿಟ್ಟು ಕೇಳುತ್ತಿರಲಿಲ್ಲ, ಅಷ್ಟೇ.

"ಇನ್ನ ಒಂದು ಮಳಿ ನೋಡೋಣ ಸರ್," ಎಂದಳು ಕಸ್ತೂರಿ.

ಮಳೆ ಅಂದು ಇಳಿಹೊತ್ತಿಗೆ ಬಂತು. ಮರುದಿನ ಬೆಳಕು ಹರಿಯುವಾಗ ನೀರಿನ ಮಾದರಿ ತರಲೆಂದು ಕಸ್ತೂರಿ ಓಣಿಯ ಮುಂದಿನ ದಂಡೆಗೆ ಇಳಿದರೆ ಕೌದಿಯ ಅಂಚು ಕುಣಿಯುತ್ತಿತ್ತು. ಕೆಳಗಿನಿಂದ ಯಾರೋ ಗುದ್ದಿದಂತೆ ಹಾಳೆಗಳು ಉಬ್ಬಿ ಉಬ್ಬಿ ಬೀಳುತ್ತಿದ್ದವು. ಮೊಣಕಾಲುದ್ದದ ನೀರಿಗೆ ಮುದಿ ಗೆಂಡೆಗಳು ಗುಂಪುಗುಂಪಾಗಿ ಏರಿ ಬಂದು, ಹುಲ್ಲಿನ ಬುಡದಲ್ಲಿ ಬೆನ್ನು ಹೊರಗೆ ಹಾಕಿ ಹೊರಳಾಡುತ್ತಿದ್ದವು. ಓಣಿಯ ಜನ ಒಬ್ಬೊಬ್ಬರಾಗಿ ಬಂದು ದೂರದಲ್ಲೇ ನಿಂತರು.  ಯಮನೂರ ಹೆಗಲ ಮೇಲಿನ ಟವೆಲು ತೆಗೆದು ಬಾಯಿಗೆ ಒತ್ತಿಕೊಂಡು ನಿಂತಿದ್ದ. ಹುಲ್ಲಿನ ಮೇಲೆ ತತ್ತಿ ಬೀಳುತ್ತಲೇ ಇತ್ತು.

ಕಸ್ತೂರಿ ನೋಡಿದಳು. ಒಳ್ಳೆಯದಾಯಿತು ಎಂದುಕೊಂಡಳು. ಪಕ್ಕದ ಮನೆಯ ದೀಪ ಕಂಡಷ್ಟೇ ಕಂಡಿತು ಅದು ಅವಳಿಗೆ. ತತ್ತಿ ಬಿದ್ದ ಮೇಲೆ ಕೆಂಪಿನ ಕೆಲಸ ಮುಗಿಯಿತು. ಒಡೆಯಲು ಅದಕ್ಕೆ ಬಣ್ಣ ಬೇಕಿಲ್ಲ, ಮರಿಗಳ ಮೊದಲ ತುತ್ತಿಗೆ ನೀರುಚಿಗಟಗಳೂ ಈ ವಾರದಲ್ಲಿ ಹೆಚ್ಚಿವೆ. ಹೋಗಿ ನೀಲಿ ಹಾಕಬೇಕು. ಬಾಟಲಿಗೆ ಮುಚ್ಚಳ ತಿರುವುತ್ತಾ ತಿರುಗಿದಳು.

ಅಲ್ಲಿ ಮಾಳವ್ವ ಇದ್ದಳು. ಜನರಿಂದ ಬೇರೆಯಾಗಿ, ದಂಡೆಯ ಕೊನೆಯ ಕಲ್ಲಿನ ಮೇಲೆ. ಐದು ವರ್ಷ ಈ ಕಡೆ ಮುಖ ಮಾಡದವಳು ಕುಕ್ಕರುಗಾಲಿನಲ್ಲಿ ಕೂತು, ಕೌದಿಯ ಅಂಚನ್ನು ಸೆರಗು ಸರಿಸುವ ಹಾಗೆ ಎತ್ತಿ, ಎರಡೂ ಕೈಗಳನ್ನು ಒಳಗೆ ಬಿಟ್ಟಿದ್ದಳು. ಕೆಂಪು ಬೆಳಕಿನಲ್ಲಿ ಮುಳುಗಿದ ಕೈಗಳು. ಬೊಗಸೆ ತುಂಬಿ ಹೊರಗೆ ಬಂತು.

ಕಸ್ತೂರಿ ಓಡಿದಳು. ಬಾಟಲಿ ಎಲ್ಲಿ ಬಿತ್ತೋ.

"ಕುಡೀಬ್ಯಾಡ್ರಿ ಅತ್ತಿ."

"ಕುಡ್ಯಾಕಲ್ಲ," ಎಂದಳು ಮಾಳವ್ವ, ತಲೆ ಎತ್ತದೆ. "ನೋಡಾಕ." ಬೊಗಸೆಯಲ್ಲಿ ಬಣ್ಣವಿಲ್ಲದ ನೀರು. ಮುದುಕಿಯ ಅಂಗೈಯ ಗೆರೆಗಳು ಅದರೊಳಗಿಂದ ಕಾಣುತ್ತಿದ್ದವು. "ಒಳಗ ಕೆಂಪಗಿತ್ತು. ಎಲ್ಲಿ ಹೋತು?"

"ಬಣ್ಣ ಬೆಳಕಿಂದು ಅತ್ತಿ. ನೀರಿಂದಲ್ಲ. ಹೊರಗ ತಂದ್ರ ಇರೂದಿಲ್ಲ."

ಮಾಳವ್ವ ಕೈಗಳನ್ನು ಕಣ್ಣಿನ ಹತ್ತಿರ ತಂದಳು. ಬೊಗಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅವತ್ತು ಕೈಯಾಗೂ ಇತ್ತು," ಎಂದಳು. "ಹಿಂಗ ತಗದೆ. ಕೈಯಾಗೂ ಕೆಂಪಗ ಇತ್ತು. ಬೇಷ್ ಬಂದೈತಿ ಹೊಸ ನೀರು ಅಂದೆ."

ಐದು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅವತ್ತು ಎಂಬ ಮಾತು ಆಡಿರಲಿಲ್ಲ. ಕಸ್ತೂರಿ ಪಕ್ಕದಲ್ಲಿ ಕೂತಳು. 

"ಆಕಿ ಒಲ್ಲೆ ಅಂದಳು," ಎಂದಳು ಮಾಳವ್ವ. "ಅವ್ವ ಬರ್ಲಿ, ಅವ್ವ ಬಂದಮ್ಯಾಲೆ ಕುಡೀತೀನಿ ಅಂದಳು. ನಿಮ್ಮವ್ವಗ ಹೊತ್ತಾಗ್ತೈತಿ, ಕೈಯಾಗಿಂದು ಸೋರಿ ಹೊಕ್ಕೈತಿ, ಕುಡಿ ನನ್ನವ್ವ ಅಂದೆ. ಕುಡದಳು."

ಕಸ್ತೂರಿಗೆ ಸಿಟ್ಟು ಬಂತು. ಕಾದ ಎಣ್ಣೆಯ ಹಾಗೆ ಬಂತು. ಆ ಕೈಗಳಿಗೆ ಹೊಡೆಯಬೇಕು ಅನ್ನಿಸಿತು, ನಿಜವಾಗಿ ಕೈ ಎತ್ತಿಯೂ ಬಿಟ್ಟಳು. ಮುದುಕಿಯ ಮೇಲೆ ಸಿಟ್ಟು, ಎರಡನೆಯ ಸಲ ನೋಡಿದ ತನ್ನ ಕಣ್ಣಿನ ಮೇಲೆ ಸಿಟ್ಟು, ಮೂರನೆಯ ಸಲ ನೋಡಿದ್ದರ ಮೇಲೆ ಅದಕ್ಕೂ ಹೆಚ್ಚು ಸಿಟ್ಟು. ಅವ್ವ ಬರಲಿ ಎಂದಿತ್ತಂತೆ ಮಗು. ಅವ್ವ ಕಾಯಿಸಿದ್ದಳು. ಎತ್ತಿದ ಕೈ ಎಲ್ಲಿ ಇಳಿಸಬೇಕೋ ತಿಳಿಯದೆ ಅವಳು ಅತ್ತೆಯ ಬೊಗಸೆಯ ಕೆಳಗೆ ತನ್ನ ಬೊಗಸೆ ಒಡ್ಡಿದಳು. ಮುದುಕಿಯ ಬೆರಳ ಸಂದಿನಿಂದ ಉಳಿದ ನೀರು ಅವಳ ಅಂಗೈಗೆ ಬಿತ್ತು. ತಣ್ಣಗಿತ್ತು. ಎಷ್ಟು ತಣ್ಣಗಿತ್ತೆಂದರೆ ಕೈ ನೋಯಿತು, ಕೈಯಿಂದ ಮೊಣಕೈಗೆ, ಮೊಣಕೈಯಿಂದ ಎದೆಗೆ ನೋಯಿತು, ಅವಳು ಅಲ್ಲೇ ಕಲ್ಲಿನ ಮೇಲೆ, ಓಣಿಯೆಲ್ಲ ನೋಡುತ್ತಿರುವಾಗ, ಬಾಯಿ ತೆರೆದು ಅತ್ತಳು.

ಸೊಂಟದಲ್ಲಿದ್ದ ಫೋನು ಗುಂಯ್ಗುಟ್ಟಿತು. ವಾದಿರಾಜ್. ಗೆರೆ ಅಡ್ಡಗೆರೆಯ ಹತ್ತಿರ ಬಂದಿರಬೇಕು.

ಎದ್ದಳು. ಅತ್ತೆಯ ಕೈ ಹಿಡಿದು ಎಬ್ಬಿಸಿದಳು.

"ನಡೀರಿ ಅತ್ತಿ. ನೀಲಿ ಹಾಕಬೇಕು. ತಡ ಆದ್ರ ಮರಿಗೋಳಿಗೆ ವಿಷ ಆಕ್ಕೈತಿ."

"ನಾ ಯಾಕ ಅಲ್ಲಿ?"

"ನೀವು ನೋಡ್ರಿ. ನಾ ಎರಡು ಸಲ ನೋಡೂದಿಲ್ಲ, ಒಮ್ಮೆಲೆ ಹಾಕಿಬಿಡ್ತೀನಿ."

ಇಬ್ಬರೂ ಏರಿಯ ಮೆಟ್ಟಿಲು ಹತ್ತಿದರು. ಸೊಸೆ ಅಳುತ್ತಲೇ ಇದ್ದಳು, ಅತ್ತೆ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡಿದ್ದಳು. ಕೋಣೆಯೊಳಗೆ ಹೋಗಿ ಕಸ್ತೂರಿ ಪಟ್ಟಿಯ ಮೇಲೆ ಬೆರಳೆಳೆದಳು. ಕಿಟಕಿಯಾಚೆ ಕೆಂಪು ಸಾಲುಸಾಲಾಗಿ ಆರಿ ನೀಲಿಯಾಗತೊಡಗಿತು.

"ಅವಕ್ಕ ತಿಳೀತಿತ್ತೇನು?" ಎಂದು ಕೇಳಿದಳು ಮಾಳವ್ವ. "ಅದು ಬರೇ ಬೆಳಕು ಅಂತ?"

"ಇಲ್ಲ ಅತ್ತಿ. ಮಳಿ ಬಂತು ಅಂತನ ತಿಳಕೊಂಡಿದ್ವು."

"ಮಳಿ ಬಂದಿತ್ತಲ್ಲ," ಎಂದಳು ಮುದುಕಿ, ಕಿಟಕಿಯ ಹೊರಗೆ ನೋಡುತ್ತಾ.